ತಟ್ಟೆ ವಾಲಿತು, ಹೊಳೆ ಹುಟ್ಟಿತು

ಮಕ್ಕಳೇ, ಒಂದು ತಟ್ಟೆಗೆ ನೀರು ಹಾಕಿ, ಅದರ ಒಂದು ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ನೀರು ಎದುರಿನ ಅಂಚಿಗೆ ಸರಿಯುತ್ತದೆ. ಇನ್ನೂ ಎತ್ತಿದರೆ ಹೊರಗೆ ಚೆಲ್ಲುತ್ತದೆ. ಫಿನ್‌ಲ್ಯಾಂಡ್ ದೇಶದ ಅತಿ ದೊಡ್ಡ ಸರೋವರ ಸೈಮಾದಲ್ಲಿ ನಡೆದದ್ದೂ ಇದೇ!

ಅಷ್ಟು ದೊಡ್ಡ ತಟ್ಟೆಯನ್ನು ಎತ್ತಿದವರು ಯಾರು? ಹಿಮಯುಗದಲ್ಲಿ ಆ ನಾಡಿನ ಮೇಲೆ ಎರಡು-ಮೂರು ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಕೂತಿತ್ತು. ಅದರ ಭಾರಕ್ಕೆ ನೆಲ ನೂರಾರು ಮೀಟರ್ ಕುಸಿದಿತ್ತು. ಸುಮಾರು 10,000 ವರ್ಷಗಳ ಹಿಂದೆ ಮಂಜುಗಡ್ಡೆ ಕರಗಿ ಹೋಯಿತು. ಅಜ್ಜ ಎದ್ದುಹೋದ ಮೇಲೆ ಹತ್ತಿಯ ಹಾಸಿಗೆ ನಿಧಾನವಾಗಿ ಉಬ್ಬುವುದಿಲ್ಲವೇ? ಹಾಗೆಯೇ ನೆಲವೂ ಮೇಲೇಳತೊಡಗಿತು. ಅದು ಇಂದಿಗೂ ಏಳುತ್ತಲೇ ಇದೆ.

ಆದರೆ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಮಂಜಿನ ಹೊರೆ ಹೆಚ್ಚಿದ್ದ ವಾಯವ್ಯದ ಬೋತ್ನಿಯಾ ಕೊಲ್ಲಿಯ ಕಡೆ ನೆಲ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏಳುತ್ತದೆ. ಅಲ್ಲಿನ ಅಜ್ಜಿಯೊಬ್ಬರು 80 ವರ್ಷ ಬಾಳಿದರೆ, ಅವರ ಕಾಲದಲ್ಲೇ ನೆಲ 70 ಸೆಂಟಿಮೀಟರ್ ಎದ್ದಿರುತ್ತದೆ! ಆಗ್ನೇಯದಲ್ಲಿ ಮಾತ್ರ ಈ ಏರಿಕೆ ನಿಧಾನ.

ಹೀಗೆ ಸೈಮಾ ವಾಲಿತು. ಪಶ್ಚಿಮಕ್ಕೆ ಹರಿಯುತ್ತಿದ್ದ ಅದರ ನೀರು ದಕ್ಷಿಣದ ದಡದಲ್ಲಿ ಏರತೊಡಗಿತು. ಅಲ್ಲಿ ಸಾಲ್ಪೌಸೆಲ್ಕಾ ಎಂಬ ಮರಳು-ಜಲ್ಲಿಯ ದಿಬ್ಬ ಅಡ್ಡವಾಗಿತ್ತು. ಅದನ್ನು ಪೇರಿಸಿಟ್ಟದ್ದೂ ಹಿಂದಿನ ಮಂಜುಗಡ್ಡೆಯೇ. ಸುಮಾರು 6,000 ವರ್ಷಗಳ ಹಿಂದೆ ನೀರು ಆ ದಿಬ್ಬವನ್ನು ಕೊರೆದು ನುಗ್ಗಿತು. ವೂಕ್ಸಿ ನದಿ ಹುಟ್ಟಿತು! ಅದು ಇಂದಿಗೂ ರಷ್ಯಾದ ಲಡೋಗಾ ಸರೋವರಕ್ಕೆ ಹರಿಯುತ್ತಿದೆ. ದಾರಿಯಲ್ಲಿ ಇಮಾತ್ರಾ ಊರಿನ ಬಳಿ ಅದರ ರಭಸದಿಂದ ವಿದ್ಯುತ್ ತಯಾರಾಗುತ್ತದೆ.

ನೆಲ ಎದ್ದಾಗ ಒಂದು ಪ್ರಾಣಿಯೂ ಸಿಕ್ಕಿಬಿತ್ತು. ಸಮುದ್ರದಿಂದ ಬಂದಿದ್ದ ಸೀಲ್‌ಗಳು ಹಿಂದಿರುಗುವ ದಾರಿ ಮುಚ್ಚಿ ಸರೋವರದಲ್ಲೇ ಉಳಿದವು. ಸಿಹಿನೀರಿಗೆ ಒಗ್ಗಿಕೊಂಡ ಸೈಮಾ ಸೀಲ್ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಈಗ ಉಳಿದಿರುವುದು ಸುಮಾರು 500 ಮಾತ್ರ.

ತಾಯಿ ಸೀಲ್ ದಡದ ಹಿಮರಾಶಿಯೊಳಗೆ ಗೂಡು ಮಾಡಿ ಮರಿ ಹಾಕುತ್ತದೆ. ಆದರೆ ಭೂಮಿ ಬಿಸಿಯಾಗಿ, ಕೆಲವು ಚಳಿಗಾಲಗಳಲ್ಲಿ ಗೂಡಿಗೆ ಸಾಲುವಷ್ಟು ಹಿಮವೇ ಬೀಳುವುದಿಲ್ಲ. ಆಗ ಊರಿನ ಸ್ವಯಂಸೇವಕರು ಸಲಿಕೆ ಹಿಡಿದು, ಗಟ್ಟಿಯಾದ ಸರೋವರದ ಮೇಲೆ ಹಿಮವನ್ನು ಗುಡ್ಡೆ ಹಾಕುತ್ತಾರೆ. ಅವುಗಳೊಳಗೆ ಸೀಲ್‌ಗಳು ಗೂಡು ಕೊರೆದು ಮರಿ ಹಾಕಿವೆ.

ಮಂಜು ಹೋಗಿ ಸರೋವರದಲ್ಲಿ ಉಳಿದ ಪ್ರಾಣಿಗೆ ಇಂದು ಮನುಷ್ಯರು ಹಿಮ ಹೊತ್ತು ತರುತ್ತಿದ್ದಾರೆ.