ಸ್ಟಿಕ್ಕರ್ ಹರಿದರೆ ವಾರಂಟಿ ಹೋಯಿತೇ?

ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾದ, ಕಂಪ್ಯೂಟರ್ ಹೇಳಿದಂತೆ ನಡೆಯುವ ಸಿಎನ್‌ಸಿ ಕೆತ್ತನೆ ಯಂತ್ರಗಳು ಈಗ ಮನೆಗಳಿಗೂ ಬಂದಿವೆ. ಹವ್ಯಾಸಿಗಳ ಬಾಯಲ್ಲಿ ‘3018’ ಎಂದೇ ಓಡಾಡುವ ಮಾದರಿ ಇವುಗಳಲ್ಲಿ ತುಂಬಾ ಸಾಮಾನ್ಯ. ಸುಮಾರು 300 ಮಿ.ಮೀ. ಉದ್ದ, 180 ಮಿ.ಮೀ. ಅಗಲದ ಜಾಗದಲ್ಲಿ ಅದು ಕೆತ್ತುತ್ತದೆ. ಹೆಸರು ಬಂದದ್ದೂ ಅದರಿಂದಲೇ. ಬಾಗಿಲಿನ ನಾಮಫಲಕ, ದೇವರ ಮನೆಗೊಂದು ಪುಟ್ಟ ಪ್ರಭಾವಳಿ, ಮಕ್ಕಳ ಆಟಿಕೆ ಇವೆಲ್ಲ ಶಿವನೆ, ಹಲಸಿನಂಥ ಮರದಲ್ಲಿ ಚೆಂದವಾಗಿ ಮೂಡುತ್ತವೆ. ತೊಂದರೆ ಶುರುವಾಗುವುದು ಯಂತ್ರ ನಿಂತ ದಿನ. ‘ಬಿಚ್ಚಬೇಡಿ, ವಾರಂಟಿ ಹೋಗುತ್ತೆ’ ಎಂದು ಒಬ್ಬರು, ‘ಚೀನಾ ಮಾಲು, ಹೋಯ್ತು ಅಂದ್ರೆ ಹೋಯ್ತು’ ಎಂದು ಇನ್ನೊಬ್ಬರು. ಇಂಥ ಮಾತು ಕೇಳಿಯೇ ಎಷ್ಟೋ ಒಳ್ಳೆಯ ಯಂತ್ರಗಳು ಮಂಚದಡಿ ಸೇರುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಮತ್ತೆ ಓಡಿಸಬಹುದು. ಅಡ್ಡ ನಿಂತಿರುವುದು ಯಂತ್ರದ ದೋಷಕ್ಕಿಂತ ಈ ನಂಬಿಕೆಗಳೇ.

“ಸ್ಕ್ರೂ ಬಿಚ್ಚಿದರೆ ವಾರಂಟಿ ಮುಗಿಯಿತು”

ಈ ಯಂತ್ರಗಳಲ್ಲಿ ಬಹುಪಾಲು ಬಿಡಿಬಿಡಿಯಾಗಿ ಡಬ್ಬದಲ್ಲಿ ಬರುತ್ತವೆ. ಚೌಕಟ್ಟು ಜೋಡಿಸುವವರು, ಮೋಟರ್ ಕೂರಿಸುವವರು, ವೈರ್ ಸಿಕ್ಕಿಸುವವರು ನೀವೇ. ಕೊಂಡವರೇ ಅಲೆನ್ ಕೀ ಹಿಡಿದು ಕಟ್ಟಿದ ಯಂತ್ರವನ್ನು ಕೊಂಡವರೇ ಬಿಚ್ಚಿ ನೋಡಿದರೆ ತಪ್ಪು ಎನ್ನುವುದರಲ್ಲಿ ಹುರುಳಿಲ್ಲ. ಗೊಂದಲ ಇರುವುದು ಕಂಟ್ರೋಲ್ ಬೋರ್ಡಿನ ಡಬ್ಬಕ್ಕೆ ಅಂಟಿಸಿದ ಸ್ಟಿಕ್ಕರಿನಲ್ಲಿ.

ಸ್ಟಿಕ್ಕರ್ ಹರಿದ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗುತ್ತದೆ ಎನ್ನುವ ಕಾನೂನು ನಮ್ಮಲ್ಲಿಲ್ಲ. ಅದು ಕಂಪನಿ ಹಾಕಿಕೊಂಡ ಷರತ್ತು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ ಇಲ್ಲಿ ನೆನಪಿಡಬೇಕಾದದ್ದು. ಹೊರಗಿನ ಮೆಕ್ಯಾನಿಕ್ ಕೈಗೆ ಕೊಟ್ಟಿರಿ ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವಂತಿಲ್ಲ, ಆ ರಿಪೇರಿಯಿಂದಲೇ ಹಾಳಾಗಿದ್ದರೆ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಅದು ಹೇಳಿತು. ಆ ಆದೇಶ ಕಾರುಗಳಿಗೆ ಸಂಬಂಧಿಸಿದ್ದು, ಕೆತ್ತನೆ ಯಂತ್ರ ಮಾರುವವರನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೂ ವಾದ ಮಾಡುವಾಗ ಈ ತರ್ಕ ಕೈಹಿಡಿಯುತ್ತದೆ: ಮುಚ್ಚಳ ತೆಗೆದದ್ದಕ್ಕೂ ಬೇರಿಂಗ್ ಸವೆದದ್ದಕ್ಕೂ ಏನು ಸಂಬಂಧ? ಅಮೆರಿಕದಲ್ಲಿ ಯಂತ್ರ ಕೊಂಡ ಕನ್ನಡಿಗರ ಸ್ಥಿತಿ ಇನ್ನೂ ಗಟ್ಟಿ. ಅಲ್ಲಿನ 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆಯ ಆಧಾರದಲ್ಲಿ, 2018ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇಂಥ ಸ್ಟಿಕ್ಕರ್ ಮತ್ತು ಷರತ್ತುಗಳ ಬಗ್ಗೆ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು.

ಹಾಗೆಂದು ಎಲ್ಲವನ್ನೂ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ. ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ತೆಗೆದುಕೊಳ್ಳುವ ಅಡಾಪ್ಟರನ್ನು ಮನೆಯಲ್ಲಿ ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು. ಅದು ಕೆಟ್ಟರೆ ಹೊಸದು ತರುವುದೇ ಸರಿ. ಇನ್ನು ವಾರಂಟಿ ಅವಧಿಯಲ್ಲಿ ಬೋರ್ಡಿನ ಮೇಲೆ ಬೆಸುಗೆ ಹಾಕುವುದು, ಮೋಟರ್ ಒಳಗಿನ ಸುರುಳಿ ಬಿಚ್ಚುವುದು ಮಾಡಿದರೆ ಕಂಪನಿಗೆ ನೆಪ ನೀವೇ ಕೊಟ್ಟಂತೆ. ನೋಡುವುದು, ಒರೆಸುವುದು, ಬಿಗಿ ಮಾಡುವುದು ಇಷ್ಟಕ್ಕೆ ಹೆದರಬೇಕಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

“ಒಂದು ವರ್ಷ ವಾರಂಟಿ ಇದೆ, ಏನು ಹೋದರೂ ಅವರೇ ನೋಡಿಕೊಳ್ಳುತ್ತಾರೆ”

ಇಲ್ಲ. ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಬಳಸಿದಂತೆ ಸವೆಯುವ ಬಿಟ್, ಅದನ್ನು ಹಿಡಿದಿಡುವ ಕೊಲೆಟ್, ಬೆಲ್ಟ್, ಕಾರ್ಬನ್ ಬ್ರಷ್ ಅದರೊಳಗೆ ಬರುವುದಿಲ್ಲ. ಈ ಯಂತ್ರಗಳಲ್ಲಿ ಬರುವ 775 ಎಂಬ ಸ್ಪಿಂಡಲ್ ಮೋಟರ್ ಬ್ರಷ್ ಇರುವಂಥದ್ದು, ಅಂದರೆ ತಿರುಗಿದಷ್ಟೂ ಸವೆಯುತ್ತದೆ. ಅದನ್ನು ಬಿಡಿಭಾಗವೆಂದೇ ಎಣಿಸಿ ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಸಾಗುವಾನಿ ಕೆತ್ತುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸಾಗುವಾನಿಯಲ್ಲಿ ಸಿಲಿಕಾ ಇರುತ್ತದೆ, ಅದು ಬಿಟ್‌ನ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಬಿಟ್ ಮರವನ್ನು ಕತ್ತರಿಸದೆ ಉಜ್ಜುತ್ತದೆ, ಮೋಟರಿಗೆ ಭಾರ ಏರುತ್ತದೆ, ಕಾಯುತ್ತದೆ, ಕೊನೆಗೆ ಸುಡುತ್ತದೆ. ಕಂಪನಿಯವರು ಸುಟ್ಟ ಮೋಟರ್ ನೋಡಿ ‘ಓವರ್‌ಲೋಡ್’ ಎಂದು ಬರೆದು ಕಳಿಸಿದಾಗ ಸಿಟ್ಟು ಬರುವುದು ಸಹಜ. ಆದರೆ ಇಲ್ಲಿ ಅವರ ಮಾತು ಸರಿ. ಹೊಗೆ ಬಂದರೆ, ಹೊಟ್ಟಿನ ಬದಲು ನುಣುಪಾದ ಪುಡಿ ಬೀಳತೊಡಗಿದರೆ, ಅಂಚು ಕಪ್ಪಾದರೆ ಅದು ಬಿಟ್ ಬದಲಿಸುವ ಸೂಚನೆ.

“ಗೆರೆ ತಪ್ಪಿತು ಎಂದರೆ ಮೋಟರ್ ಸುಟ್ಟಿದೆ, ಇಲ್ಲವೇ ಬೋರ್ಡ್ ಹೋಗಿದೆ”

ಹಣ ಅತಿ ಹೆಚ್ಚು ಪೋಲಾಗುವುದು ಈ ನಂಬಿಕೆಯಿಂದ. ಹೂವಿನ ದಳ ಒಂದು ಕಡೆ ಸರಿದು ಮೂಡಿತು, ಅಕ್ಷರದ ಬಾಲ ಎಲ್ಲೋ ಹೋಯಿತು ಎಂದೊಡನೆ ಹೊಸ ಬೋರ್ಡ್ ತರಿಸುತ್ತಾರೆ. ಹೊಸ ಬೋರ್ಡ್ ಹಾಕಿದ ಮೇಲೂ ಗೆರೆ ತಪ್ಪುತ್ತದೆ, ಏಕೆಂದರೆ ತಪ್ಪು ಅಲ್ಲಿರಲಿಲ್ಲ.

ಇಲ್ಲಿ ಸ್ಟೆಪ್ಪರ್ ಮೋಟರ್ ಒಂದೊಂದೇ ಹೆಜ್ಜೆ ಇಟ್ಟು ತಿರುಗುತ್ತದೆ. ಹೆಜ್ಜೆ ನಿಜಕ್ಕೂ ಬಿತ್ತೇ ಎಂದು ತಿರುಗಿ ನೋಡುವ ವ್ಯವಸ್ಥೆ ಈ ಅಗ್ಗದ ಯಂತ್ರಗಳಲ್ಲಿ ಇಲ್ಲ. ಬಿಟ್ ಮರದಲ್ಲಿ ಸಿಕ್ಕಿ ನಾಲ್ಕು ಹೆಜ್ಜೆ ತಪ್ಪಿದರೂ ಬೋರ್ಡಿಗೆ ಅದು ತಿಳಿಯದು, ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಅಷ್ಟು ಸರಿದೇ ನಡೆಯುತ್ತದೆ. ಆದ್ದರಿಂದ ಮೊದಲು ವೇಗ ಇಳಿಸಿ, ಒಂದೇ ಸಲಕ್ಕೆ ಆಳವಾಗಿ ಇಳಿಯುವುದನ್ನು ಕಡಿಮೆ ಮಾಡಿ, ಹಲಗೆ ಅಲುಗುತ್ತಿಲ್ಲವೇ ನೋಡಿ.

ಅನಂತರ ಕಪ್ಲರ್. ಮೋಟರಿನ ಶಾಫ್ಟನ್ನು, ತಿರುಗುತ್ತ ಯಂತ್ರವನ್ನು ಸರಿಸುವ ಉದ್ದನೆಯ ಲೀಡ್ ಸ್ಕ್ರೂಗೆ ಕೂಡಿಸುವ ಪುಟ್ಟ ಲೋಹದ ತುಂಡು ಅದು. ಅದರ ಚಿಕ್ಕ ಸ್ಕ್ರೂ ಸಡಿಲವಾದರೆ ಮೋಟರ್ ತಿರುಗಿದರೂ ಲೀಡ್ ಸ್ಕ್ರೂ ಪೂರ್ತಿ ತಿರುಗುವುದಿಲ್ಲ. ಪರೀಕ್ಷೆ ಬಲು ಸುಲಭ. ಮಾರ್ಕರ್ ಪೆನ್ನಿನಿಂದ ಶಾಫ್ಟ್, ಕಪ್ಲರ್, ಲೀಡ್ ಸ್ಕ್ರೂ ಮೂರರ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆಯಿರಿ. ಕೆತ್ತನೆ ಮುಗಿದ ಮೇಲೆ ಗೆರೆ ತುಂಡಾಗಿ ಕಂಡರೆ ಜಾರಿದ್ದು ಕಪ್ಲರ್. ಅಲೆನ್ ಕೀಯಿಂದ ಬಿಗಿ ಮಾಡಿದರೆ ರಿಪೇರಿ ಮುಗಿಯಿತು.

ಮೋಟರೋ ಬೋರ್ಡೋ ಎಂಬ ಸಂಶಯ ಇನ್ನೂ ಉಳಿದರೆ ಪ್ಲಗ್ ಅದಲುಬದಲು ಮಾಡಿ ನೋಡಬಹುದು. ವಿದ್ಯುತ್ ಪೂರ್ತಿ ಆಫ್ ಮಾಡಿ, ತೊಂದರೆ ಕೊಡುತ್ತಿರುವ ಮೋಟರಿನ ವೈರನ್ನು ಪಕ್ಕದ ಮೋಟರಿನ ಜಾಗಕ್ಕೆ ಸಿಕ್ಕಿಸಿ. ಅಲ್ಲಿ ಸರಿಯಾಗಿ ತಿರುಗಿದರೆ ಮೋಟರ್ ಚೆನ್ನಾಗಿದೆ, ದೋಷ ಬೋರ್ಡಿನಲ್ಲಿ ಆ ಮೋಟರನ್ನು ಓಡಿಸುವ ಡ್ರೈವರ್‌ನಲ್ಲಿದೆ. ಅಲ್ಲೂ ನಡುಗಿ ನಿಂತರೆ ಮೋಟರ್ ಅಥವಾ ಅದರ ವೈರ್. ವಿದ್ಯುತ್ ಇರುವಾಗ ಮಾತ್ರ ಮೋಟರಿನ ಪ್ಲಗ್ ಕೀಳಬಾರದು. ಹಾಗೆ ಕಿತ್ತರೆ ಡ್ರೈವರ್ ಸುಡುವ ಅಪಾಯವಿದೆ, ಆಗ ದೋಷ ನಿಜವಾಗಿಯೂ ನಿಮ್ಮದಾಗುತ್ತದೆ.

ಕೆತ್ತುತ್ತ ಕೆತ್ತುತ್ತ ಯಂತ್ರ ನಡುವೆಯೇ ನಿಂತುಬಿಡುವುದು ಬೇರೆ ಕಥೆ. ಕಂಪ್ಯೂಟರ್ ತಾನಾಗಿ ನಿದ್ರೆಗೆ ಹೋಗಿರಬಹುದು, ಆ ಸೆಟ್ಟಿಂಗ್ ಮೊದಲು ನೋಡಿ. ವ್ಯಾಕ್ಯೂಮ್ ಹಚ್ಚಿದಾಗಲೇ ನಿಲ್ಲುತ್ತಿದ್ದರೆ ಕಾರಣ ಸ್ಟ್ಯಾಟಿಕ್ ವಿದ್ಯುತ್ ಆಗಿರುವ ಸಾಧ್ಯತೆ ಹೆಚ್ಚು. ಪ್ಲಾಸ್ಟಿಕ್ ಕೊಳವೆಯೊಳಗೆ ಒಣ ಮರದ ಪುಡಿ ಓಡುವಾಗ ಅದು ಹುಟ್ಟುತ್ತದೆ, ಯುಎಸ್‌ಬಿ ಸಂಪರ್ಕವನ್ನು ಕಡಿದುಹಾಕುತ್ತದೆ. ಸ್ಟೆಬಿಲೈಸರ್ ತಂದಿಟ್ಟರೆ ಇದು ಹೋಗುವುದಿಲ್ಲ. ಬೇಕಾದದ್ದು ಒಳ್ಳೆಯ ಅರ್ಥಿಂಗ್. ಎಲೆಕ್ಟ್ರೀಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿ, ಯಂತ್ರದ ಅಲ್ಯೂಮಿನಿಯಂ ಚೌಕಟ್ಟನ್ನು ಅದಕ್ಕೆ ಸೇರಿಸಿಕೊಳ್ಳಿ. ಯುಎಸ್‌ಬಿ ಕೇಬಲ್ ಗಿಡ್ಡದಾಗಿರಲಿ, ಸ್ಪಿಂಡಲ್ ವೈರಿನಿಂದ ದೂರವಿರಲಿ.

“ಎಣ್ಣೆ ಹಾಕಿದಷ್ಟೂ ಒಳ್ಳೆಯದು”

ಮರದ ಯಂತ್ರಕ್ಕೆ ಇದು ತಿರುಗುಬಾಣ. ಎಣ್ಣೆ ಬಳಿದ ಲೀಡ್ ಸ್ಕ್ರೂ ಮೇಲೆ ಮರದ ಪುಡಿ ಕೂತರೆ ಅದು ಉಜ್ಜುವ ಪೇಸ್ಟ್ ಆಗಿ ನಟ್ಟನ್ನು ಸವೆಸುತ್ತದೆ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಹಾಕುವವರಿದ್ದಾರೆ. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಮೊದಲು ಬ್ರಷ್ಷಿನಿಂದ ಪುಡಿ ತೆಗೆದು, ಒಣಗಿ ನಿಲ್ಲುವ ಟೆಫ್ಲಾನ್ ಸ್ಪ್ರೇ ತೆಳ್ಳಗೆ ಹೊಡೆದರೆ ಸಾಕು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಉಕ್ಕಿನ ಕಂಬಿಗಳನ್ನು ಆಗಾಗ ಒರೆಸಿಡಬೇಕು. ತುಕ್ಕು ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ.

“ಕಂಪನಿ ಮುಚ್ಚಿತು, ಇನ್ನು ಬಿಡಿಭಾಗ ಎಲ್ಲಿಂದ ತರುವುದು?”

ಈ ಯಂತ್ರಗಳ ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ನೆಮಾ 17 ಅಳತೆಯ ಸ್ಟೆಪ್ಪರ್ ಮೋಟರ್, 8 ಮಿ.ಮೀ. ದಪ್ಪದ ಟಿ8 ಲೀಡ್ ಸ್ಕ್ರೂ, ಇಆರ್11 ಕೊಲೆಟ್ ಇವೆಲ್ಲ ಯಾರೊಬ್ಬರ ಸ್ವತ್ತೂ ಅಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಬಹುದು, 3ಡಿ ಪ್ರಿಂಟರ್ ಬಿಡಿಭಾಗ ಮಾರುವವರ ಬಳಿಯೂ ಕೇಳಬಹುದು. ಅಂಗಡಿಗೆ ಹೋಗುವಾಗ ಯಂತ್ರದ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಕೆಟ್ಟ ಭಾಗವನ್ನೇ ತೋರಿಸಿ, ಅದರ ಮೇಲಿನ ನಂಬರ್ ಹೇಳಿ.

ಭಾಗ ಬದಲಿಸಿದ ಮೇಲೆ ಕೆತ್ತನೆಯ ಅಳತೆ ಕೆಟ್ಟರೆ ಗಾಬರಿ ಬೇಡ. ಜಿಆರ್‌ಬಿಎಲ್ ತಂತ್ರಾಂಶ ಓಡುವ ಬೋರ್ಡಿನಲ್ಲಿ ‘ಒಂದು ಮಿ.ಮೀ. ಸರಿಯಲು ಎಷ್ಟು ಹೆಜ್ಜೆ’ ಎಂಬ ಲೆಕ್ಕ $100, $101, $102 ಎಂಬ ಸಾಲುಗಳಲ್ಲಿರುತ್ತದೆ. ಒಂದು ಸುತ್ತಿಗೆ 4 ಮಿ.ಮೀ. ಸರಿಸುವ ಸ್ಕ್ರೂ ಇದ್ದರೆ ಆ ಸಂಖ್ಯೆ ಸಾಮಾನ್ಯವಾಗಿ 800. ಅದರ ಜಾಗದಲ್ಲಿ ಒಂದು ಸುತ್ತಿಗೆ 8 ಮಿ.ಮೀ. ಸರಿಸುವ ಸ್ಕ್ರೂ ಹಾಕಿ ಸಂಖ್ಯೆಯನ್ನು ಹಾಗೇ ಬಿಟ್ಟರೆ ಚಿತ್ರ ಆ ದಿಕ್ಕಿಗೆ ಎರಡರಷ್ಟು ಉದ್ದವಾಗುತ್ತದೆ; 400 ಎಂದು ತಿದ್ದಿದರೆ ಸರಿಹೋಗುತ್ತದೆ. ಎ4988 ಡ್ರೈವರ್ ತೆಗೆದು ಡಿಆರ್‌ವಿ8825 ಹಾಕಿದಾಗ ಚಿತ್ರ ಅರ್ಧಕ್ಕೆ ಕುಗ್ಗುವುದಕ್ಕೂ ಇಂಥದ್ದೇ ಕಾರಣ, ಅದು ಒಂದೊಂದು ಹೆಜ್ಜೆಯನ್ನು ಇನ್ನೂ ಸಣ್ಣದಾಗಿ ಒಡೆಯುತ್ತದೆ. ರಿಪೇರಿ ಮಾಡಿದವನ ಕೈಗುಣ ಸರಿಯಿಲ್ಲ ಎಂದು ಬೈಯುವ ಮೊದಲು ಈ ಮೂರು ಸಾಲು ನೋಡಿ.

“ಮಾರಿದ ಮಾಲು ವಾಪಸ್ ಇಲ್ಲ ಎಂದು ಬಿಲ್ಲಿನಲ್ಲೇ ಇದೆ, ಇನ್ನೇನು ಮಾಡುವುದು?”

ಬಿಲ್ಲಿನ ಮೇಲೆ ಏನು ಅಚ್ಚು ಹಾಕಿದರೂ ಅದು ಕಾನೂನಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅಷ್ಟೇ. ಇನ್ನೂ ಮುಖ್ಯವಾದ ಅಂಶವೊಂದಿದೆ: ಮಾರುವವರು ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನೂ ಕಾಯ್ದೆ ದೋಷವೆಂದೇ ಕರೆಯುತ್ತದೆ. ಜಾಹೀರಾತಿನಲ್ಲಿ ‘ಬೀಟೆ, ಸಾಗುವಾನಿ ಯಾವುದನ್ನಾದರೂ ಕೆತ್ತುತ್ತದೆ’ ಎಂದಿದ್ದರೆ ಕೊಳ್ಳುವ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಆನ್‌ಲೈನಿನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ದೂರು ಅಧಿಕಾರಿ 48 ಗಂಟೆಗಳಲ್ಲಿ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದ್ದರಿಂದ ಫೋನಿನಲ್ಲಿ ಜಗಳ ಆಡಬೇಡಿ, ಬರಹದಲ್ಲಿ ದೂರು ಕೊಡಿ. ಡಬ್ಬ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ಹಕ್ಕೇ ಇಲ್ಲ ಎಂದು ಕಾಯ್ದೆ ಹೇಳುವುದಿಲ್ಲ, ಆದರೂ ಕೊರಿಯರ್‌ನಲ್ಲಿ ಮುರಿದು ಬಂದದ್ದನ್ನು ಸಾಬೀತು ಮಾಡಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇರಿಲ್ಲ. ಡಬ್ಬವನ್ನೂ ಒಳಗಿನ ಫೋಮನ್ನೂ ಎಸೆಯಬೇಡಿ, ವಾಪಸ್ ಕಳಿಸಲು ಅವೇ ಬೇಕು. ವಿದೇಶಿ ತಾಣದಿಂದ ನೇರವಾಗಿ ತರಿಸಿದವರಿಗೆ ಮಾತ್ರ ದಾರಿ ಕಷ್ಟ. ಹಕ್ಕು ಇದ್ದರೂ ಯಂತ್ರ ಮರಳಿ ಕಳಿಸುವ ಖರ್ಚೇ ಕೈ ಕಚ್ಚುತ್ತದೆ. ಹಾಗಾಗಿ ನೂರಿನ್ನೂರು ಹೆಚ್ಚಾದರೂ ಇಲ್ಲಿ ಬಿಲ್ಲು ಕೊಡುವ ಮಾರಾಟಗಾರನೇ ಮೇಲು.

ನಾಲ್ಕು ನಾಮಫಲಕ ಮಾರಿದವರಿಗೆ ಇನ್ನೊಂದು ಅಳುಕು: ‘ವ್ಯಾಪಾರ ಮಾಡಿದೆನಲ್ಲ, ನಾನೀಗ ಗ್ರಾಹಕನಲ್ಲವೇ?’ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಹೊರಗೆ ಎಂಬುದು ನಿಜ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡವರನ್ನು ಕಾಯ್ದೆ ಹೊರಗಿಟ್ಟಿಲ್ಲ. ಕಂಪನಿಯ ವಾರಂಟಿಯಲ್ಲಿ ‘ಗೃಹಬಳಕೆಗೆ ಮಾತ್ರ’ ಎಂದಿದ್ದರೆ ಅದು ಬೇರೆಯೇ ವಿಷಯ, ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವು ವಾಸಿಸುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಾಟಗಾರ ದೆಹಲಿಯಲ್ಲಿದ್ದರೂ ಅಡ್ಡಿಯಿಲ್ಲ. ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಹಿಡಿಯಲೇಬೇಕೆಂದೂ ಇಲ್ಲ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷ ಅವಕಾಶ. ತೀರ್ಪು ಬರಲು ತಡವಾಗುವುದುಂಟು, ಅದಕ್ಕೇ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲು, ಸ್ಕ್ರೀನ್‌ಶಾಟ್, ದೂರಿನ ಪ್ರತಿ ಎದುರಿಗಿಟ್ಟುಕೊಂಡೇ ಮಾತಾಡಿ. ಬಿಲ್ಲಿನ ಜೊತೆ ಇರಬೇಕಾದ ಇನ್ನೊಂದು ಹಾಳೆಯೂ ಇದೆ: ಯಂತ್ರ ಚೆನ್ನಾಗಿ ಓಡುತ್ತಿರುವಾಗಲೇ ಜಿಆರ್‌ಬಿಎಲ್‌ಗೆ ಆಜ್ಞೆ ಕೊಡುವ ಜಾಗದಲ್ಲಿ ‘$$’ ಎಂದು ಒತ್ತಿ, ಪರದೆಯ ಮೇಲೆ ಬರುವ ಸೆಟ್ಟಿಂಗ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬಿಲ್ಲಿನ ಜೊತೆ ಇಡಿ. ಬೋರ್ಡ್ ಬದಲಿಸುವ ದಿನ ಬಂದರೆ ಆ ಹಾಳೆಯಿಲ್ಲದೆ ಯಂತ್ರವನ್ನು ಮೊದಲಿನ ಅಳತೆಗೆ ತರುವುದು ಕಷ್ಟ.