ಕಲ್ಯಾಣದ ದೊರೆ ಬರೆದ ಮದಿರೆಯ ಅಧ್ಯಾಯ

ಆಳಂದ ಸೀಮೆಯ ಹಿರೋಳ್ಳಿಯಂಥ ಊರುಗಳ ಹಿರಿಯರಿಗೆ ಈಚಲ ಮರವೂ ಶಿಂದಿಯ ಮಡಕೆಯೂ ಹೊಸತಲ್ಲ: ಇರುಳೆಲ್ಲ ತೊಟ್ಟಿಕ್ಕಿ ತುಂಬಿದ ರಸವು ಬೆಳಗಿನ ಜಾವ ಸಿಹಿಯಾಗಿದ್ದು, ಹೊತ್ತೇರಿದಂತೆಲ್ಲ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಮದ್ಯವಾಗಿಸಲು, ಮಡಕೆಯ ಕಂಠದಲ್ಲಿ ಬೆಳ್ನೊರೆಯುಕ್ಕಿ ಹುಳಿವಾಸನೆ ಹರಡುವುದು.

ಇಂಥ ರಸಗಳೂ ಗ್ರಂಥಸ್ಥವಾಗಲು ಅರ್ಹವೆಂದು ಬಗೆದವನು, ಇದೇ ನಾಡನ್ನು ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗನಾದ ಈತನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ, ಗಜವಿದ್ಯೆ, ಪಾಕ, ಸಂಗೀತಗಳ ಸಾಲಿನಲ್ಲಿಯೇ ಮದಿರಾಪಾನಕ್ಕೂ ಎಡೆಗೊಟ್ಟು, ದ್ರಾಕ್ಷಿ, ಕಬ್ಬು, ತಾಳೆ, ತೆಂಗು, ಖರ್ಜೂರಗಳ ಮದ್ಯಗಳನ್ನು ಹೆಸರಿಸಿದನು. ರಾಜ್ಯಭಾರದ ನಡುವೆಯೂ ರುಚಿಯನ್ನು ವಿದ್ಯೆಯೆಂದು ಕಂಡ ಆ ಮನಸ್ಸು ನನಗೆ ಅತ್ಯಂತ ಪ್ರಿಯವಾದುದು.

ಎಂಟು ಶತಮಾನಗಳು ಕಳೆದ ಮೇಲೆ, 1977ರಲ್ಲಿ, ಅಂಥದೇ ಮನಸ್ಸಿನ ಇಂಗ್ಲೆಂಡಿನ ಪತ್ರಕರ್ತ ಮೈಕೇಲ್ ಜಾಕ್ಸನ್ (ಹೆಸರಾಂತ ಗಾಯಕರಲ್ಲ, ಬೇರೊಬ್ಬರು) ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಎಂಬ ಗ್ರಂಥದಲ್ಲಿ, ದುಡಿಯುವವರ ಪಾನೀಯವೆಂದು ಕಡೆಗಣಿಸಲ್ಪಟ್ಟಿದ್ದ ಬಿಯರನ್ನು ಶೈಲಿಗನುಸಾರವಾಗಿ ವಿಂಗಡಿಸಿ ವರ್ಣಿಸಿದರು. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಮಾಲ್ಟ್ ವಿಸ್ಕಿಯ ಒಂದೊಂದು ಭಟ್ಟಿಯ ಪರಿಮಳವನ್ನೂ ಅಷ್ಟೇ ಅಕ್ಕರೆಯಿಂದ ಬರೆದಿಟ್ಟರು.