ಬೆಟ್ಟದ ಮೇಲಿನ ಪುಟ್ಟ ಶಾಸನಸಭೆಗಳು

ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಆದಿವಾಸಿಯಲ್ಲದವರು ವ್ಯಾಪಾರಕ್ಕಿಳಿಯಬೇಕಾದರೆ ರಾಜ್ಯ ಸರ್ಕಾರದ ಕಾಗದಪತ್ರ ಸಾಲದು. ಖಾಸಿ ಹಿಲ್ಸ್ ಸ್ವಾಯತ್ತ ಜಿಲ್ಲಾ ಪರಿಷತ್ತಿನ ಲೈಸೆನ್ಸ್ ಬೇಕು. ಈ ನಿಯಮ 1954ರದು. ಆಗ ಮೇಘಾಲಯ ಎಂಬ ರಾಜ್ಯವೇ ಹುಟ್ಟಿರಲಿಲ್ಲ. ನಮ್ಮ ಜಿಲ್ಲಾ ಪಂಚಾಯಿತಿಯನ್ನು ಕಣ್ಣ ಮುಂದಿಟ್ಟುಕೊಂಡು ಈ ಪರಿಷತ್ತನ್ನು ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ಇದು ಕಾನೂನು ಮಾಡುತ್ತದೆ, ತೆರಿಗೆ ಹಾಕುತ್ತದೆ, ನ್ಯಾಯಾಲಯಗಳನ್ನೂ ನಡೆಸುತ್ತದೆ.

ಇದಕ್ಕೆಲ್ಲ ಆಧಾರ ಸಂವಿಧಾನದ ಆರನೇ ಅನುಸೂಚಿ. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಂ ರಾಜ್ಯಗಳಲ್ಲಿ ಇಂಥ ಹತ್ತು ಪರಿಷತ್ತುಗಳಿವೆ. ಸಾಮಾನ್ಯವಾಗಿ ಒಂದೊಂದರಲ್ಲಿ ಹೆಚ್ಚೆಂದರೆ 30 ಸದಸ್ಯರು. ಅಸ್ಸಾಮಿನ ಬೋಡೋಲ್ಯಾಂಡ್‌ನಲ್ಲಿ ಮಾತ್ರ 46ರವರೆಗೆ. ಜಮೀನು ಹಂಚಿಕೆ, ಮೀಸಲು ಅರಣ್ಯದ ಹೊರಗಿನ ಕಾಡು, ಕಾಡು ಕಡಿದು ಸುಟ್ಟು ಬಿತ್ತುವ ಝೂಮ್ ಬೇಸಾಯ, ಮದುವೆ, ವಿಚ್ಛೇದನ, ಆಸ್ತಿಯ ಉತ್ತರಾಧಿಕಾರ, ಊರಿನ ಮುಖ್ಯಸ್ಥರ ನೇಮಕ ಇವೆಲ್ಲ ಪರಿಷತ್ತಿನ ಅಧಿಕಾರಕ್ಕೆ ಸೇರಿದವು. ಆದರೆ ಅದು ಮಾಡಿದ ಕಾನೂನು ಜಾರಿಗೆ ಬರಬೇಕಾದರೆ ರಾಜ್ಯಪಾಲರ ಒಪ್ಪಿಗೆ ಬೀಳಬೇಕು.

ಬ್ರಿಟಿಷರು ಈ ಬೆಟ್ಟಗಳನ್ನು ಬಯಲಿನ ಆಡಳಿತದಿಂದ ಬೇರೆಯಾಗಿಯೇ ಇಟ್ಟಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಅವನ್ನು ದೇಶದ ಚೌಕಟ್ಟಿಗೆ ತರುವ ದಾರಿ ಹುಡುಕಿದ್ದು ಅಸ್ಸಾಮಿನ ಗೋಪಿನಾಥ ಬಾರ್ದೊಲೊಯ್ ನೇತೃತ್ವದ ಉಪಸಮಿತಿ. ಅದರಲ್ಲಿ ಖಾಸಿ ನಾಯಕ ಜೆ.ಜೆ.ಎಂ. ನಿಕೋಲ್ಸ್ ರಾಯ್ ಕೂಡ ಇದ್ದರು. 1949ರ ಸೆಪ್ಟೆಂಬರಿನಲ್ಲಿ ಈ ಅನುಸೂಚಿ ಸಂವಿಧಾನ ಸಭೆಯ ಮುಂದೆ ಬಂದಾಗ ಚರ್ಚೆ ಕಾವೇರಿತು. ಇದು ಬುಡಕಟ್ಟು ಜನರನ್ನು ದೇಶದಿಂದ ದೂರ ಮಾಡುತ್ತದೆ ಎಂದು ಅಸ್ಸಾಮಿನವರೇ ಆದ ಕುಲಧರ ಚಲಿಹಾ ಗುಡುಗಿದರು. ಖಾಸಿಗಳಿಗೆ ಪ್ರಜಾಪ್ರಭುತ್ವವನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ ಎಂಬ ಧಾಟಿ ನಿಕೋಲ್ಸ್ ರಾಯ್ ಅವರದು. ಇತ್ತ ನಾಗಾ ಬೆಟ್ಟಗಳಲ್ಲಿ ಜನ ಈ ಕೊಡುಗೆಯನ್ನೇ ಒಲ್ಲೆವೆಂದರು. ಅವರಿಗೆ ಬೇಕಿದ್ದದ್ದು ಸ್ವಾತಂತ್ರ್ಯ.

ಮುಂದೆ ನಡೆದದ್ದು ಸ್ವಾರಸ್ಯಕರ. 1972ರಲ್ಲಿ ಮೇಘಾಲಯ ಪೂರ್ಣ ರಾಜ್ಯವಾಯಿತು. ಆದಿವಾಸಿಗಳದೇ ರಾಜ್ಯ, ಇನ್ನು ಪರಿಷತ್ತಿಗೆ ಬಲ ಬಂದೀತು ಎಂದು ಯಾರಿಗಾದರೂ ಅನಿಸಬೇಕು. ಆದದ್ದು ತದ್ವಿರುದ್ಧ. ಅಸ್ಸಾಮಿನಲ್ಲಿ ಪರಿಷತ್ತಿನ ವಿಷಯಗಳ ಮೇಲೆ ರಾಜ್ಯ ಮಾಡಿದ ಕಾನೂನು, ಪರಿಷತ್ತು ಹೂಂ ಅನ್ನದೆ ಆ ಜಿಲ್ಲೆಗೆ ಕಾಲಿಡುವಂತಿಲ್ಲ. ಮೇಘಾಲಯದಲ್ಲಿ ಇಬ್ಬರ ಕಾನೂನಿಗೂ ತಿಕ್ಕಾಟ ಬಂದರೆ ರಾಜ್ಯದ್ದೇ ಗೆಲ್ಲುತ್ತದೆ. ಅನುಸೂಚಿಯ 12ಎ ಪ್ಯಾರಾ ಹಾಗೆ ಹೇಳುತ್ತದೆ. ಬಯಲಿನವರ ಸರ್ಕಾರಕ್ಕೆ ಹಾಕಿದ್ದ ಮೂಗುದಾರವನ್ನು ತಮ್ಮವರ ಸರ್ಕಾರಕ್ಕೆ ಹಾಕಲಿಲ್ಲ. ಹಾಗಾದರೆ ರಾಜ್ಯವೂ ಇರುವಾಗ ಪರಿಷತ್ತು ಯಾಕೆ ಎಂಬ ಪ್ರಶ್ನೆ ಅಲ್ಲಿ ಆಗಾಗ ತಲೆಯೆತ್ತುತ್ತಲೇ ಇರುತ್ತದೆ.

ಇನ್ನೂ ಕೆಳಗಿಳಿದು ನೋಡಿದರೆ ಊರಿನ ಸಭೆ ಸಿಗುತ್ತದೆ: ದೊರ್ಬಾರ್ ಶ್ನಾಂಗ್. ಅದರ ಮುಖ್ಯಸ್ಥನೇ ರಂಗ್‌ಬಾ ಶ್ನಾಂಗ್. ಜಗಳ ಬಿಡಿಸುವುದರಿಂದ ಹಿಡಿದು ಬೀದಿಯ ಸ್ವಚ್ಛತೆಯವರೆಗೆ ಆತನದೇ ಮಾತು. ಏನೇ ಸರ್ಕಾರಿ ಕೆಲಸವಾಗಬೇಕಿದ್ದರೂ ಜನ ಮೊದಲು ಆತನಿಂದ ನಿರಾಕ್ಷೇಪಣಾ ಪತ್ರ ತರುವ ರೂಢಿಯಿತ್ತು. ಕಾನೂನಿನ ಬೆಂಬಲವಿಲ್ಲದೆ ಹೀಗೆ ಪತ್ರ ಕೊಡುವಂತಿಲ್ಲ ಎಂದು 2014ರಲ್ಲಿ ಮೇಘಾಲಯ ಹೈಕೋರ್ಟ್ ಹೇಳಿದಾಗ ಊರೂರಲ್ಲಿ ಗದ್ದಲವೆದ್ದಿತು.

ಸ್ವಾಯತ್ತತೆ ಯಾರ ಕೈಗೆ ಎಂಬ ಪ್ರಶ್ನೆ ಚುಚ್ಚುವುದು ಇಲ್ಲಿಯೇ. ಖಾಸಿಗಳಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ಹಾಗಾಗಿ ಪಿತ್ರಾರ್ಜಿತ ಎನ್ನಲು ಬಾರದ ಮನೆತನದ ಮನೆ ಕಿರಿಮಗಳ ಪಾಲು. ಆದರೂ ಸಂಪ್ರದಾಯದಂತೆ ದೊರ್ಬಾರಿನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಟ್ಟ 73ನೇ ತಿದ್ದುಪಡಿ ಈ ಪ್ರದೇಶಗಳನ್ನು ಹೊರಗಿಟ್ಟಿದೆ. ಬೇರೆ ಜನಾಂಗದವನನ್ನು ಮದುವೆಯಾದ ಖಾಸಿ ಹೆಣ್ಣೂ ಆಕೆಯ ಮಕ್ಕಳೂ ಖಾಸಿಗಳೇ ಅಲ್ಲವೆನ್ನುವ ಮಸೂದೆಯೊಂದನ್ನು 2018ರಲ್ಲಿ ಪರಿಷತ್ತು ಅಂಗೀಕರಿಸಿತು. ಹೊರಗಿನ ಶಾಸನಸಭೆ ಹೇರಿದ್ದಲ್ಲ, ಸ್ವಂತ ಸಭೆ ಕೈಯೆತ್ತಿ ಒಪ್ಪಿದ ಮಸೂದೆ ಅದು.

ಹಣದ ವಿಷಯಕ್ಕೆ ಬಂದರೆ ಪರಿಷತ್ತುಗಳ ಕೈ ಬಿಗಿ. ವೃತ್ತಿ, ವಾಹನ, ದೋಣಿಗಳ ಮೇಲಿನ ತೆರಿಗೆ ಹಾಕಬಹುದು, ಗಣಿ ರಾಯಧನದಲ್ಲಿ ಪಾಲೂ ಇದೆ. ಆದರೂ ರಾಜ್ಯದ ಖಜಾನೆಯತ್ತ ನೋಡುವುದು ತಪ್ಪದು. ಪರಿಷತ್ತುಗಳ ಹಣಬಲ ಹೆಚ್ಚಿಸಿ ಚುನಾಯಿತ ಗ್ರಾಮ ಪರಿಷತ್ತುಗಳನ್ನೂ ತರುವ 125ನೇ ತಿದ್ದುಪಡಿ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಮಂಡನೆಯ ನಂತರ ವರ್ಷಗಳು ಉರುಳಿದವು, ಮಸೂದೆ ಮುಂದೆ ಸಾಗಲಿಲ್ಲ.

ಇಷ್ಟಾದರೂ ಈ ಅನುಸೂಚಿಯ ಆಕರ್ಷಣೆ ಕುಂದಿಲ್ಲ. ಕೊಡಗಿನಲ್ಲಿ ಕೊಡವ ನ್ಯಾಷನಲ್ ಕೌನ್ಸಿಲ್ ಸ್ವಾಯತ್ತ ಕೊಡವಲ್ಯಾಂಡ್ ಕೇಳುತ್ತಾ ಬಂದಿದೆ. ಕೊಡವರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಕಾರಣ ಆ ದಾರಿ ಕಡಿದು. ಲಡಾಖಿನ ವಾದಕ್ಕೆ ಹೆಚ್ಚು ಕಸುವಿದೆ. ಅಲ್ಲಿನ ಜನಸಂಖ್ಯೆಯಲ್ಲಿ ಶೇ. 90ಕ್ಕೂ ಹೆಚ್ಚು ಬುಡಕಟ್ಟಿನವರು. 2019ರಲ್ಲಿ ಅದು ಶಾಸನಸಭೆಯಿಲ್ಲದ ಕೇಂದ್ರಾಡಳಿತ ಪ್ರದೇಶವಾಯಿತು; ಅದೇ ವರ್ಷ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗವೂ ಆರನೇ ಅನುಸೂಚಿಗೆ ಸೇರಿಸಿ ಎಂದು ಶಿಫಾರಸು ಮಾಡಿತ್ತು. ಇದೇ ಬೇಡಿಕೆಯಿಟ್ಟು 2024ರ ಮಾರ್ಚಿನಲ್ಲಿ ಲಡಾಖಿನ ಹೋರಾಟಗಾರ ಸೋನಮ್ ವಾಂಗ್ಚುಕ್ ಮೈ ಕೊರೆಯುವ ಚಳಿಯಲ್ಲಿ 21 ದಿನ ಉಪವಾಸ ಕುಳಿತರು. 2025ರ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಚಳವಳಿ ಹಿಂಸೆಗೆ ತಿರುಗಿ ನಾಲ್ವರು ಸತ್ತರು. ಎರಡು ದಿನಗಳ ನಂತರ ವಾಂಗ್ಚುಕ್ ಬಂಧನವಾಯಿತು.